ಸಂತೆಯ ಮಾತು ಮತ್ತು ಸರಕಿನ ಬರಹ: ವ್ಯಾಪಾರಿ ಗದ್ಯದಲ್ಲಿ ಆಡುನುಡಿಯ ಪ್ರಶ್ನೆ

1

ಕನ್ನಡ ಗದ್ಯವನ್ನು ಕುರಿತ ವಿಮರ್ಶೆಯು ಇದುವರೆಗೆ ಕಥೆ, ಕಾದಂಬರಿ, ಪ್ರಬಂಧ, ಆತ್ಮಕಥೆ, ಪ್ರವಾಸಕಥನಗಳಂತಹ ಪ್ರಕಾರಗಳನ್ನೇ ಮುಖ್ಯವಾಗಿ ಗಮನಿಸುತ್ತ ಬಂದಿದೆ. ಶಾಸನಗಳ ಗದ್ಯಕ್ಕೂ ಪತ್ರಿಕಾ ಗದ್ಯಕ್ಕೂ ಅಧ್ಯಯನದ ಮನ್ನಣೆ ದೊರೆತಿದೆ. ಆದರೆ ಓದುಬರಹ ಬಲ್ಲ ಸಾಮಾನ್ಯನ ಕಣ್ಣಿಗೆ ಪ್ರತಿದಿನ ಬೀಳುವ ಒಂದು ಬಗೆಯ ಗದ್ಯ ಮಾತ್ರ ವಿಮರ್ಶೆಯ ಅಂಗಳದಿಂದ ಹೊರಗೇ ಉಳಿದಿದೆ. ಅದು ಸರಕನ್ನು ಮಾರುವ ಉದ್ದೇಶದಿಂದ ಬರೆಯಲಾಗುವ ಗದ್ಯ. ಎಣ್ಣೆಯ ಡಬ್ಬಿಯ ಮೇಲಿನ ನಾಲ್ಕು ಸಾಲು, ಸೀರೆಯ ಪೆಟ್ಟಿಗೆಯೊಳಗಿನ ಚೀಟಿ, ಜಾತ್ರೆಯಲ್ಲಿ ಹಂಚುವ ಕರಪತ್ರ, ಅಂಗಡಿಯ ಫಲಕ, ಪತ್ರಿಕೆಯ ಜಾಹೀರಾತು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇದನ್ನು ಇಲ್ಲಿ ‘ವ್ಯಾಪಾರಿ ಗದ್ಯ’ ಎಂದು ಕರೆಯಲಾಗಿದೆ.

ವ್ಯಾಪಾರಿ ಗದ್ಯವನ್ನು ಬರೆಯುವವರಿಗೆ ಸಾಮಾನ್ಯವಾಗಿ ನೀಡಲಾಗುವ ಸಲಹೆ ಒಂದೇ: ಮಾತನಾಡುವಂತೆ ಬರೆಯಿರಿ. ಈ ಸಲಹೆ ಮೇಲುನೋಟಕ್ಕೆ ಸರಳವಾಗಿ ತೋರಿದರೂ ಕನ್ನಡದ ಸಂದರ್ಭದಲ್ಲಿ ಅದು ಹಲವು ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಯಾರ ಮಾತು? ಯಾವ ಊರಿನ ಮಾತು? ಯಾರು ಯಾರೊಡನೆ ಆಡುವ ಮಾತು? ಮಾತಿನ ಯಾವ ಅಂಶ ಬರಹಕ್ಕೆ ಬರಬೇಕು, ಯಾವುದು ಬರಬಾರದು? ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು ಮತ್ತು ಅದರ ಸುತ್ತಲಿನ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಸರಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚರ್ಚೆಯ ಅನುಕೂಲಕ್ಕಾಗಿ ಮುಂದೆ ಬಳಸಿರುವ ಮಾದರಿ ವಾಕ್ಯಗಳನ್ನು ಲೇಖಕನೇ ರಚಿಸಿದ್ದು, ಅವು ಯಾವುದೇ ಸಂಸ್ಥೆಯ ಜಾಹೀರಾತಿನಿಂದ ಎತ್ತಿಕೊಂಡವಲ್ಲ.

2

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರುತ್ತವೆ. ಆಂಧ್ರದ ಗಡಿಗೆ ಹೊಂದಿಕೊಂಡಿರುವುದರಿಂದ ಇಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತಾಗಿದೆ. ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು ಮೊದಲಾದ ಪಶುಪಾಲಕ ಹಿನ್ನೆಲೆಯ ಸಮುದಾಯಗಳ ಬದುಕು ಇಲ್ಲಿನ ಹುಲ್ಲುಗಾವಲುಗಳನ್ನು ಆಶ್ರಯಿಸಿಕೊಂಡು ಬೆಳೆದದ್ದು. ಈ ಹುಲ್ಲುಗಾವಲುಗಳೇ ಅಮೃತ್ ಮಹಲ್ ಕಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ‘ಅಮೃತ್ ಮಹಲ್’ ಆಯಿತು. ಒಂದು ಹೆಸರು ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಹೇಳಿದರೆ, ಇನ್ನೊಂದು ಅದರ ಘನತೆಯನ್ನು ಹೇಳುತ್ತದೆ. ಸರಕಿಗೆ ಹೆಸರಿಡುವಾಗ ಇಂದಿಗೂ ಎದುರಾಗುವ ಆಯ್ಕೆ ಇದೇ ಎಂಬುದನ್ನು ಇಲ್ಲಿ ಗಮನಿಸಬಹುದು.

ಈ ಸೀಮೆಯ ಮುಖ್ಯ ಸರಕುಗಳು ಮೂರು. ಮೊದಲನೆಯದು ಕಂಬಳಿ. ದಖ್ಖನಿ ತಳಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ರಾಟೆಯಲ್ಲಿ ನೂತು, ಹುಣಸೆಬೀಜದ ಗಂಜಿ ಹಾಕಿ ಹುರಿಗೊಳಿಸಿದ ನೂಲಿನಿಂದ ಕುಣಿಮಗ್ಗದಲ್ಲಿ ನೇಯುವ ಈ ಕಂಬಳಿಗೆ ಚಳ್ಳಕೆರೆ ಹೆಸರುವಾಸಿ. ಎರಡನೆಯದು ಶೇಂಗಾ ಮತ್ತು ಅದರ ಎಣ್ಣೆ. ಎಣ್ಣೆ ಗಿರಣಿಗಳ ದೆಸೆಯಿಂದ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರೇ ಬಂದಿತ್ತು. 1990ರ ದಶಕದಲ್ಲಿ ಆಮದು ನೀತಿ ಸಡಿಲಗೊಂಡು ಅಗ್ಗದ ಪಾಮ್ ಎಣ್ಣೆ ಮಾರುಕಟ್ಟೆಯನ್ನು ತುಂಬಿದ ಮೇಲೆ ಶೇಂಗಾ ಎಣ್ಣೆಯ ವಹಿವಾಟು ಹಿಂದಿನ ಪ್ರಾಬಲ್ಯವನ್ನು ಕಳೆದುಕೊಂಡಿತು. ಮೂರನೆಯದು ಮೊಳಕಾಲ್ಮೂರಿನ ರೇಷ್ಮೆ ಸೀರೆ. ಇದು ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದಿದೆ.

ಈ ಸೀಮೆ ಕನ್ನಡ ವಿದ್ವತ್ತಿಗೂ ಮೌಖಿಕ ಪರಂಪರೆಗೂ ಏಕಕಾಲಕ್ಕೆ ನೆಲೆಯಾದುದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಅಕ್ಷರ ಕಲಿಯದೆಯೇ ಅಸಂಖ್ಯ ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಕಾಡುಗೊಲ್ಲ ಗಾಯಕಿ ಸಿರಿಯಜ್ಜಿಯವರೂ ಇದೇ ತಾಲ್ಲೂಕಿನವರು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿ ಬೆಳಗು’ ಕೃತಿಯಲ್ಲಿ ಸಂಪಾದಿಸಿದ್ದಾರೆ. ಇಷ್ಟು ನುಡಿಸಂಪತ್ತಿರುವ ನೆಲದ ಸರಕು ಪೇಟೆಗೆ ಹೋಗುವಾಗ ಯಾವ ಮಾತನ್ನು ಹೊತ್ತು ಹೋಗುತ್ತದೆ ಎಂಬುದು ಇಲ್ಲಿ ಮುಖ್ಯವಾಗುವ ಪ್ರಶ್ನೆ.

3

ಬರಹದ ಚರ್ಚೆಗೆ ಮೊದಲು ಸಂತೆಯ ಮಾತಿನ ಸ್ವರೂಪವನ್ನು ಸ್ಥೂಲವಾಗಿ ಗುರುತಿಸಿಕೊಳ್ಳಬೇಕು. ಸಂತೆಯಲ್ಲಿ ಮಾರುವವನು ಮಾತನ್ನು ಆರಂಭಿಸುವುದು ಸರಕಿನಿಂದಲ್ಲ, ಸಂಬಂಧದಿಂದ. ಅಣ್ಣ, ಅಕ್ಕ, ತಾಯಿ, ಯಜಮಾನರೇ, ಗೌಡರೇ ಎಂಬ ಸಂಬೋಧನೆಗಳು ಕೊಳ್ಳುವವನ ವಯಸ್ಸು, ಸ್ಥಾನ, ಪರಿಚಯಗಳನ್ನು ಅಳೆದು ಬರುತ್ತವೆ. ಒಮ್ಮೆ ಸಂಬೋಧಿಸಿದ ಮೇಲೆ ‘ನೀವು’, ‘ನಿಮ್ಮ’ ಎಂಬ ಸರ್ವನಾಮಗಳ ಅಗತ್ಯ ಬಹುತೇಕ ಬೀಳುವುದಿಲ್ಲ. ಕನ್ನಡದ ಕ್ರಿಯಾಪದವೇ ಪುರುಷ-ವಚನಗಳನ್ನು ಹೊತ್ತಿರುತ್ತದೆ. ‘ಮುಟ್ಟಿ ನೋಡಿ’ ಎಂದರೆ ಸಾಕು. ಯಾರು ಎಂದು ಹೇಳಬೇಕಾಗಿಲ್ಲ.

ಎರಡನೆಯದಾಗಿ, ಸಂತೆಯ ಮಾತು ಪರೀಕ್ಷೆಗೆ ಆಹ್ವಾನ ಕೊಡುವ ಮಾತು. ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡುವುದು, ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸುವುದು, ಸೀರೆಯ ಸೆರಗನ್ನು ಬಿಚ್ಚಿ ಹಿಂಬದಿಯ ಎಳೆಗಳನ್ನು ನೋಡುವುದು ಇವೆಲ್ಲ ಮಾತಿನ ಜೊತೆಜೊತೆಗೇ ನಡೆಯುತ್ತವೆ. ದನದ ಸಂತೆಯಲ್ಲಂತೂ ಬೆಲೆಯ ಮಾತೇ ಬಾಯಿಂದ ಹೊರಡುವುದಿಲ್ಲ; ಟವೆಲಿನ ಕೆಳಗೆ ಬೆರಳುಗಳು ಮಾತನಾಡುತ್ತವೆ. ಮಾತು ಸರಕಿಗೆ ಬದಲಿಯಾಗಿ ನಿಲ್ಲುವುದಿಲ್ಲ, ಸರಕಿನ ಕಡೆಗೆ ಕೈ ತೋರಿಸುತ್ತದೆ.

ಮೂರನೆಯದಾಗಿ, ಮಾತನಾಡುವವನು ತಾನು ಬಲ್ಲದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡುತ್ತಾನೆ. ಕನ್ನಡದಲ್ಲಿ ಇದಕ್ಕಾಗಿಯೇ ‘ಅಂತೆ’ ಎಂಬ ಪ್ರತ್ಯಯಸದೃಶ ರೂಪವಿದೆ. ‘ಈ ಎಣ್ಣೆ ಮೂರು ತಿಂಗಳು ಕೆಡುವುದಿಲ್ಲ’ ಎಂದರೆ ಹೇಳುವವನೇ ಹೊಣೆ. ‘ಕೆಡುವುದಿಲ್ಲವಂತೆ’ ಎಂದರೆ ಆ ಮಾತು ಇನ್ನೊಬ್ಬರದು. ‘ತಾನೆ’, ‘ಅಲ್ಲವೇ’, ‘ಕಣ್ರೀ’ ಎಂಬ ಪದಗಳೂ ಕೇಳುಗನ ಒಪ್ಪಿಗೆಯನ್ನು ಬೇಡುತ್ತ, ಅವನಿಗೆ ಗೊತ್ತಿರುವುದೆಷ್ಟು ಎಂದು ತೂಗುತ್ತ ಸಾಗುತ್ತವೆ. ಹೀಗೆ ಸಂತೆಯ ಮಾತು ಹೊಣೆಗಾರಿಕೆಯನ್ನು ವ್ಯಾಕರಣದಲ್ಲಿಯೇ ಹೊಂದಿದೆ.

ನಾಲ್ಕನೆಯದಾಗಿ, ಸಂತೆ ಮತ್ತೆ ಸೇರುತ್ತದೆ. ಇಂದು ಮಾರಿದವನು ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕು. ಸುಳ್ಳು ಹೇಳಿದ್ದರೆ ಅದನ್ನು ಕೇಳಲು ಜನ ಬರುತ್ತಾರೆ. ಸಂತೆಯವರೆಲ್ಲ ಸತ್ಯವಂತರು ಎಂದು ಇದರ ಅರ್ಥವಲ್ಲ. ತೂಕದಲ್ಲಿ ಮೋಸ, ಹೇಳಿಕೆ ಬೆಲೆಯಲ್ಲಿ ಉತ್ಪ್ರೇಕ್ಷೆ, ದಲಾಲಿಗಳ ಕೈವಾಡ ಇವೆಲ್ಲ ಸಂತೆಯ ಭಾಗವೇ ಆಗಿವೆ. ಆದರೆ ಅಲ್ಲಿ ಮಾತಿಗೆ ಎದುರುಮಾತು ಇದೆ. ಚೌಕಾಸಿ ಎಂಬುದು ಬೆಲೆಯ ಮೇಲಿನ ವಾದ ಮಾತ್ರವಲ್ಲ, ಹೇಳಿಕೆಯ ಮೇಲಿನ ವಾದವೂ ಹೌದು.

4

ಬರಹದಲ್ಲಿ ಎದುರುಮಾತಿಗೆ ಜಾಗ ಮಾಡಿಕೊಡುವ ಪ್ರಯತ್ನ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಧಿವತ್ತಾಗಿ ಓದದ ಕನ್ನಡಿಗರಲ್ಲೂ ಕಾವ್ಯಪ್ರಯೋಗದ ಪರಿಣತಿಯಿದೆಯೆಂದು ಗುರುತಿಸಿತು. ಹದವರಿಯದೆ ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸಗೊಳಿಸುವುದನ್ನು ಬಿಸಿಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಅದು ಆಕ್ಷೇಪಿಸಿತು. ಈ ಆಕ್ಷೇಪವು ಸಂಸ್ಕೃತ ಪದಗಳ ಮೇಲಲ್ಲ, ಹದಗೆಟ್ಟ ಬೆರಕೆಯ ಮೇಲೆ ಎಂಬುದನ್ನು ಮರೆಯಬಾರದು.

ವಚನಕಾರರಲ್ಲಿ ಕಸುಬುದಾರರ ದೊಡ್ಡ ಪಡೆಯೇ ಇತ್ತು. ಮಗ್ಗದ ಜೇಡರ ದಾಸಿಮಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಗಾಣದ ಕಣ್ಣಪ್ಪ ಮೊದಲಾದ ಹೆಸರುಗಳೇ ಕಸುಬನ್ನು ಸಾರುತ್ತವೆ. ವಚನವು ಆಡುಮಾತಿನ ಲಯವನ್ನು ಹಿಡಿದುದು ಕೇವಲ ಸರಳತೆಗಾಗಿ ಅಲ್ಲ. ಎದುರಿಗೊಬ್ಬ ಕೇಳುಗನಿದ್ದಾನೆ, ಅವನು ಪ್ರಶ್ನಿಸಬಲ್ಲ ಎಂಬ ಅರಿವಿನಿಂದ ಹುಟ್ಟಿದ ಗದ್ಯ ಅದು. ನುಡಿ ಮತ್ತು ನಡೆ ಒಂದಾಗಬೇಕೆಂಬ ಒತ್ತಾಯ ಆ ಗದ್ಯದ ನೀತಿಯಾಗಿರುವಂತೆ ಶೈಲಿಯೂ ಆಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುದ್ದಣನ (1870–1901) ‘ರಾಮಾಶ್ವಮೇಧ’ದಲ್ಲಿ ಈ ಕೇಳುಗನಿಗೆ ಹೆಸರೇ ದೊರೆಯಿತು. ಮನೋರಮೆ ಕಥೆ ಕೇಳುವ ಮೊದಲು ಅದು ಯಾವ ರೂಪದಲ್ಲಿರಬೇಕೆಂದು ಗಂಡನೊಡನೆ ಚೌಕಾಸಿ ಮಾಡುತ್ತಾಳೆ. ತಿಳಿಯದ ಸಂಸ್ಕೃತ ಬಂದರೆ ತಡೆಯುತ್ತಾಳೆ. ಬರಹಗಾರನ ವಿದ್ವತ್ತಿಗೆ ಓದುಗಳ ಬೇಡಿಕೆ ಇಲ್ಲಿ ಕಡಿವಾಣ ಹಾಕುತ್ತದೆ. ವ್ಯಾಪಾರಿ ಗದ್ಯದ ಬರಹಗಾರನಿಗೆ ಕನ್ನಡದಲ್ಲಿ ಒಬ್ಬ ಗುರು ಬೇಕಿದ್ದರೆ ಅದು ಮುದ್ದಣನಲ್ಲ, ಮನೋರಮೆ ಎಂದು ಹೇಳಬಹುದು.

5

ಆಧುನಿಕ ಜಾಹೀರಾತಿನ ಚಿಂತನೆ ಮುಖ್ಯವಾಗಿ ಅಮೆರಿಕದಲ್ಲಿ ರೂಪುಗೊಂಡಿತು. ಜಾಹೀರಾತೆಂದರೆ ಅಚ್ಚಿನಲ್ಲಿ ನಡೆಯುವ ಮಾರಾಟಗಾರಿಕೆ ಎಂಬ ಕಲ್ಪನೆಯನ್ನು 1904ರಲ್ಲಿ ಜಾನ್ ಇ. ಕೆನೆಡಿ ಮಂಡಿಸಿದನು. 1923ರ ತನ್ನ ಪುಸ್ತಕದಲ್ಲಿ ಕ್ಲಾಡ್ ಹಾಪ್ಕಿನ್ಸ್ ಗುಂಪನ್ನಲ್ಲ, ಒಬ್ಬ ಗಿರಾಕಿಯನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು, ಸಾಮಾನ್ಯ ಹೊಗಳಿಕೆಯ ಬದಲು ನಿರ್ದಿಷ್ಟ ಸಂಗತಿಯನ್ನು ಹೇಳಬೇಕು ಎಂದು ವಾದಿಸಿದನು. ಡೇವಿಡ್ ಓಗಿಲ್ವಿ 1963ರಲ್ಲಿ ಗಿರಾಕಿಯ ಬುದ್ಧಿಯನ್ನು ಕೀಳಾಗಿ ಎಣಿಸಬಾರದೆಂದು ಎಚ್ಚರಿಸಿದನು. ಈ ಮೂರು ಮಾತುಗಳೂ ಸಂತೆಯ ವ್ಯಾಪಾರಿ ಎಂದೋ ಬಲ್ಲವು.

ಆದರೆ ‘ಮಾತನಾಡುವಂತೆ ಬರೆಯಿರಿ’ ಎಂಬ ಸಲಹೆಯನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. 1959ರಲ್ಲಿ ಚಾರ್ಲ್ಸ್ ಫರ್ಗ್ಯೂಸನ್ ಒಂದೇ ಸಮಾಜದಲ್ಲಿ ಉನ್ನತ ಮತ್ತು ಆಡುಬಳಕೆಯ ರೂಪಗಳು ಬೇರೆಬೇರೆಯಾಗಿ ನಿಲ್ಲುವ ಸ್ಥಿತಿಯನ್ನು ದ್ವಿಸ್ತರ ಭಾಷಿಕತೆ ಎಂದು ವಿವರಿಸಿದನು. ಕನ್ನಡದಲ್ಲಿ ಬರಹಕ್ಕೂ ಮಾತಿಗೂ ಇರುವ ಅಂತರ ಈ ಬಗೆಯದು. ಜೊತೆಗೆ ಮಾತು ಒಂದೇ ಅಲ್ಲ. ‘ಮಾಡುತ್ತೇನೆ’ ಎಂಬ ಬರಹರೂಪವು ಮೈಸೂರಿನಲ್ಲಿ ‘ಮಾಡ್ತೀನಿ’, ಮಂಗಳೂರಿನಲ್ಲಿ ‘ಮಾಡ್ತೇನೆ’, ಧಾರವಾಡದಲ್ಲಿ ‘ಮಾಡ್ತೇನ್ರಿ’ ಆಗುತ್ತದೆ. ‘ಇದೆ’ ಎಂಬುದು ಚಿತ್ರದುರ್ಗ ಸೀಮೆಯಲ್ಲಿ ‘ಐತೆ’. ಬೆಂಗಳೂರಿನಲ್ಲಿ ಕುಳಿತು ಬರೆಯುವವನು ‘ಸಹಜ ಮಾತು’ ಎಂದು ಭಾವಿಸುವುದು ವಾಸ್ತವದಲ್ಲಿ ಬೆಂಗಳೂರು-ಮೈಸೂರು ಭಾಗದ ಓದಿದ ಮಧ್ಯಮವರ್ಗದ ಮಾತನ್ನು. ಉಳಿದ ಸೀಮೆಗಳ ಓದುಗನಿಗೆ ಅದು ಗ್ರಾಂಥಿಕದಷ್ಟೇ ದೂರವಾಗಿರಬಹುದು.

ಇದಕ್ಕೆ ಪರಿಹಾರವಾಗಿ ‘ಐತೆ’ ಎಂದೇ ಅಚ್ಚು ಹಾಕಿದರೆ? ಇಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಚಲನಚಿತ್ರ ಮತ್ತು ಹಾಸ್ಯ ಕಾರ್ಯಕ್ರಮಗಳು ಸೀಮೆಯ ನುಡಿಯನ್ನು ಬಹುಕಾಲ ನಗೆಪಾತ್ರಗಳ ನುಡಿಯಾಗಿ ಬಳಸಿವೆ. ಹೊರಗಿನವನು ಬರೆದ ‘ಐತೆ’ ಚಳ್ಳಕೆರೆಯ ಓದುಗನಿಗೆ ತನ್ನ ಮಾತಾಗಿ ಕೇಳಿಸದೆ ತನ್ನನ್ನು ಅಣಕಿಸುವ ಮಾತಾಗಿ ಕೇಳಿಸುವ ಸಾಧ್ಯತೆ ಇದೆ. ಸಾಹಿತ್ಯದಲ್ಲಿ ಬೆಸಗರಹಳ್ಳಿ ರಾಮಣ್ಣ, ದೇವನೂರ ಮಹಾದೇವ ಮೊದಲಾದವರ ಕೈಯಲ್ಲಿ ಸೀಮೆಯ ನುಡಿ ಘನತೆ ಪಡೆಯಿತೆಂಬುದು ನಿಜ. ಅವರು ಆ ನುಡಿಯ ಒಳಗಿನಿಂದ ಬರೆದರು. ಜಾಹೀರಾತಿನ ಬರಹಗಾರ ಹೆಚ್ಚಾಗಿ ಹೊರಗಿನಿಂದ ಬರೆಯುತ್ತಾನೆ.

ಕನ್ನಡ ಜಾಹೀರಾತಿನ ಇತಿಹಾಸವೂ ಈ ತೊಡಕನ್ನು ಹೆಚ್ಚಿಸಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ರಫ್ತಿಗೆ ತಡೆ ಬಿದ್ದಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ಆರಂಭಿಸಿತು. ಅದರ ಬೆನ್ನಿಗೆ ಬಂದ ಮೈಸೂರ್ ಸ್ಯಾಂಡಲ್ ಸಾಬೂನಿನ ಹೆಸರಿನಲ್ಲಿ ಊರು ಮತ್ತು ವಸ್ತು ಎರಡೇ ಇವೆ, ವಿಶೇಷಣವಿಲ್ಲ. ಅದು ಇಂಗ್ಲಿಷ್ ಹೆಸರಾದರೂ ‘ಬೆಣ್ಣೆ ಚಾವಡಿ’ಯ ಜಾತಿಗೆ ಸೇರಿದ್ದು, ಮನೆಮಾತಾದುದು ಅದರಿಂದಲೇ. ಮುಂದೆ 1967ರಲ್ಲಿ ವಿವಿಧ ಭಾರತಿಯಲ್ಲಿಯೂ 1976ರಲ್ಲಿ ದೂರದರ್ಶನದಲ್ಲಿಯೂ ವಾಣಿಜ್ಯ ಪ್ರಸಾರ ಆರಂಭವಾದ ಮೇಲೆ ಜಾಹೀರಾತು ಕಿವಿಯ ಮಾಧ್ಯಮವಾಯಿತು. ದೇಶವ್ಯಾಪಿ ಸರಕುಗಳ ಜಾಹೀರಾತುಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹುಟ್ಟಿ ಕನ್ನಡಕ್ಕೆ ಬರುವುದು ರೂಢಿಯಾಯಿತು. ಪರಭಾಷಾ ಚಿತ್ರಗಳ ಡಬ್ಬಿಂಗನ್ನು ಕನ್ನಡ ಚಿತ್ರರಂಗ ದಶಕಗಳ ಕಾಲ ವಿರೋಧಿಸಿತು; 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರವೇ ಆ ತಡೆ ಸಡಿಲವಾದುದು. ಆದರೆ ಆ ಇಡೀ ಅವಧಿಯಲ್ಲಿ ಜಾಹೀರಾತುಗಳ ಡಬ್ಬಿಂಗ್ ಯಾವ ವಾಗ್ವಾದವೂ ಇಲ್ಲದೆ ನಡೆಯಿತು. ಹಿಂದಿ ತುಟಿಗಳ ಅಳತೆಗೆ ಕನ್ನಡದ ವಾಕ್ಯವನ್ನು ಕತ್ತರಿಸಿ ಹೊಂದಿಸುವ ಕೆಲಸ ಒಂದು ವಿಚಿತ್ರ ಗದ್ಯವನ್ನು ರೂಪಿಸಿತು. ಇಂದು ಅನೇಕ ಸ್ಥಳೀಯ ವ್ಯಾಪಾರಿಗಳೂ ‘ಜಾಹೀರಾತು ಎಂದರೆ ಹೀಗಿರಬೇಕು’ ಎಂದು ಅದನ್ನೇ ಅನುಕರಿಸುತ್ತಿದ್ದಾರೆ. ಇದು ಹೆಚ್ಚು ಚಿಂತಿಸಬೇಕಾದ ಸಂಗತಿ.

6

ಈ ಅಂಶಗಳನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸಬಹುದು. ಕುರಿ ಉಣ್ಣೆಯ ಕಂಬಳಿಯೊಂದರ ಜೊತೆಗೆ ಇಡಬೇಕಾದ ಚೀಟಿಗೆ ಮೂರು ಮಾದರಿಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯ ಮಾದರಿ: ‘ಅತ್ಯುತ್ಕೃಷ್ಟ ಗುಣಮಟ್ಟದ ಉಣ್ಣೆಯಿಂದ ತಯಾರಿಸಲ್ಪಟ್ಟ ಈ ಪಾರಂಪರಿಕ ಕಂಬಳಿಯು ನಿಮಗೆ ಹಾಗೂ ನಿಮ್ಮ ಪ್ರೀತಿಪಾತ್ರರಿಗೆ ಅನನ್ಯವಾದ ಬೆಚ್ಚನೆಯ ಅನುಭವವನ್ನು ನೀಡುತ್ತದೆ.’

ಎರಡನೆಯ ಮಾದರಿ: ‘ಏನ್ ಗುರು, ಚಳಿನಾ? ಕಂಬಳಿ ಹೊದ್ಕೋ, ಲೈಫ್ ಎಂಜಾಯ್ ಮಾಡು!’

ಮೂರನೆಯ ಮಾದರಿ: ‘ನಮ್ಮ ಕುರಿಯ ಉಣ್ಣೆ, ನಮ್ಮ ಮಗ್ಗದ ನೇಯ್ಗೆ. ಹೊಸದರಲ್ಲಿ ಮೈಗೆ ಸ್ವಲ್ಪ ಚುಚ್ಚುತ್ತದೆ, ಹೊದ್ದಂತೆಲ್ಲ ಮೆತ್ತಗಾಗುತ್ತದೆ. ತುಂತುರು ಮಳೆಗೆ ಕೊಪ್ಪೆ ಹಾಕಿಕೊಂಡರೆ ನೀರು ಬೇಗ ಒಳಗಿಳಿಯುವುದಿಲ್ಲ. ಬಿಸಿನೀರಿನಲ್ಲಿ ಮಾತ್ರ ಒಗೆಯಬೇಡಿ, ಮುದುರಿಕೊಳ್ಳುತ್ತದೆ.’

ಮೊದಲನೆಯದರ ದೋಷ ಸಂಸ್ಕೃತ ಪದಗಳಲ್ಲಿ ಮಾತ್ರ ಇಲ್ಲ. ‘ತಯಾರಿಸಲ್ಪಟ್ಟ’ ಎಂಬ ಕರ್ಮಣಿ ಪ್ರಯೋಗದಲ್ಲಿ ನೇಯ್ದವನು ಮಾಯವಾಗಿದ್ದಾನೆ. ‘ಅನುಭವವನ್ನು ನೀಡುತ್ತದೆ’ ಎಂಬಲ್ಲಿ ಬೆಚ್ಚಗಿರುವುದು ಎಂಬ ಸರಳ ಕ್ರಿಯೆಯನ್ನು ನಾಮಪದವಾಗಿಸಿ, ಅದನ್ನು ಕೊಡುವುದಕ್ಕೆ ಮತ್ತೊಂದು ಕ್ರಿಯಾಪದವನ್ನು ನೇಮಿಸಲಾಗಿದೆ. ‘ನಿಮಗೆ ಹಾಗೂ ನಿಮ್ಮ’ ಎಂಬ ಸರ್ವನಾಮಗಳು ಇಂಗ್ಲಿಷಿನ ಅನಿವಾರ್ಯತೆಯೇ ಹೊರತು ಕನ್ನಡದ್ದಲ್ಲ. ಇಡೀ ವಾಕ್ಯದಲ್ಲಿ ‘ಉಣ್ಣೆ’ ಎಂಬುದನ್ನು ಬಿಟ್ಟರೆ ಪರೀಕ್ಷಿಸಿ ನೋಡಬಹುದಾದ ಸಂಗತಿ ಒಂದೂ ಇಲ್ಲ. ಕಂಬಳಿಯ ಜಾಗದಲ್ಲಿ ಶಾಲು, ರಜಾಯಿ, ಸ್ವೆಟರ್ ಯಾವುದನ್ನಿಟ್ಟರೂ ವಾಕ್ಯ ನಡೆಯುತ್ತದೆ.

ಎರಡನೆಯದು ಆಡುಮಾತಿನ ಉಚ್ಚಾರವನ್ನು ಹಿಡಿದಿದೆ. ಅದರ ನಡವಳಿಕೆಯನ್ನು ಕೈಬಿಟ್ಟಿದೆ. ಪರಿಚಯವಿಲ್ಲದವನನ್ನು ಏಕವಚನದಲ್ಲಿ ಕರೆಯುವ ಸಲಿಗೆ ನಗರದ ಯುವಕರ ನಡುವೆ ಸಲ್ಲಬಹುದು. ಕಂಬಳಿಯನ್ನು ದೇವರ ಗದ್ದಿಗೆಗೂ ಮದುವೆಯ ಹಸೆಗೂ ಹಾಸುವ ಸಮುದಾಯದ ಎದುರು ಅದು ಸಲ್ಲದು. ಮಾತಿನ ಸಹಜತೆ ಎಂದರೆ ಮಾತಿನ ಸಡಿಲತೆ ಎಂಬ ತಪ್ಪು ತಿಳಿವಳಿಕೆ ಇದರ ಹಿಂದಿದೆ. ಇದರಲ್ಲಿಯೂ ಕಂಬಳಿಯ ಬಗ್ಗೆ ಒಂದು ಸಂಗತಿಯಿಲ್ಲ. ಹೀಗೆ ಶೈಲಿಯಲ್ಲಿ ಪರಸ್ಪರ ವಿರುದ್ಧವಾಗಿ ತೋರುವ ಮೊದಲೆರಡು ಮಾದರಿಗಳು ಟೊಳ್ಳುತನದಲ್ಲಿ ಒಂದೇ ಆಗಿವೆ.

ಮೂರನೆಯ ಮಾದರಿಯಲ್ಲಿ ‘ಐತೆ’, ‘ಹೊದ್ಕೋ’ಗಳಿಲ್ಲ. ಕಾಗುಣಿತವೆಲ್ಲ ಬರಹಗನ್ನಡದ್ದೇ. ಬೀದರಿನಿಂದ ಚಾಮರಾಜನಗರದವರೆಗೆ ಯಾರೂ ಓದಬಹುದು. ಆದರೆ ವಾಕ್ಯದ ಕಟ್ಟು ಮಾತಿನದು: ಚಿಕ್ಕ ಉಪವಾಕ್ಯಗಳು, ಕ್ರಿಯಾಪದದಲ್ಲಿಯೇ ಅಡಗಿದ ಸಂಬೋಧನೆ, ಕೇಳುಗನ ಮುಂದಿನ ಪ್ರಶ್ನೆಯನ್ನು ಊಹಿಸಿ ಕೊಟ್ಟ ಉತ್ತರ. ‘ಚುಚ್ಚುವುದಿಲ್ಲವೇ?’ ಎಂದು ಕೊಳ್ಳುವವನು ಕೇಳಿಯೇ ಕೇಳುತ್ತಾನೆಂದು ಗೊತ್ತಿರುವುದರಿಂದ ಬರಹ ಮೊದಲೇ ಒಪ್ಪಿಕೊಳ್ಳುತ್ತದೆ. ಚೀಟಿಯಲ್ಲಿ ಎದುರುಮಾತಿಗೆ ಜಾಗವಿಲ್ಲದಿದ್ದರೂ ಎದುರುಮಾತಿನ ನೆರಳು ಬರಹದೊಳಗೆ ಬಿದ್ದಿದೆ. ಇದರಿಂದ ಒಂದು ತತ್ತ್ವವನ್ನು ಹೊರತೆಗೆಯಬಹುದು: ವ್ಯಾಪಾರಿ ಗದ್ಯಕ್ಕೆ ಬೇಕಾದುದು ಆಡುನುಡಿಯ ಉಚ್ಚಾರವಲ್ಲ, ಆಡುನುಡಿಯ ವಾಕ್ಯಕ್ರಮ ಮತ್ತು ಹೊಣೆಗಾರಿಕೆ.

ಎಣ್ಣೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಈಚಿನ ವರ್ಷಗಳಲ್ಲಿ ಗಾಣದ ಎಣ್ಣೆಗೆ ನಗರಗಳಲ್ಲಿ ಮತ್ತೆ ಬೇಡಿಕೆ ಹುಟ್ಟಿದೆ. ಇಂಗ್ಲಿಷಿನಲ್ಲಿ ‘ಕೋಲ್ಡ್ ಪ್ರೆಸ್ಡ್’ ಎಂದು ಹೇಳುವುದನ್ನು ಪದಶಃ ಅನುವಾದಿಸಿದರೆ ‘ಶೀತಲ ಒತ್ತಡದಿಂದ ಹೊರತೆಗೆದ ಪರಿಶುದ್ಧ ಖಾದ್ಯತೈಲ’ ಎಂಬಂತಹ ಬರಹ ಹುಟ್ಟುತ್ತದೆ. ಕನ್ನಡದಲ್ಲಿ ‘ಗಾಣದೆಣ್ಣೆ’ ಎಂಬ ನಾಲ್ಕಕ್ಷರದ ಪದ ಶತಮಾನಗಳಿಂದ ಇದೆ. ಅನುವಾದಿತ ಪದಪುಂಜವು ವಿಧಾನವನ್ನು ಹೇಳುವ ನೆಪದಲ್ಲಿ ಗಾಣವನ್ನೇ ಮರೆಸುತ್ತದೆ. ಗಾಣದೆಣ್ಣೆಯ ಡಬ್ಬಿಯ ಮೇಲೆ ‘ತಳದಲ್ಲಿ ಮಡ್ಡಿ ನಿಲ್ಲುತ್ತದೆ, ಸೋಸಿಲ್ಲದ ಎಣ್ಣೆಗೆ ಇದು ಸಹಜ’ ಎಂದು ಬರೆದರೆ ನಗರದ ಗೃಹಿಣಿಯ ಮೊದಲ ಅನುಮಾನವೇ ನಿವಾರಣೆಯಾಗುತ್ತದೆ. ‘ಪರಿಶುದ್ಧ’ ಎಂಬ ಪದ ಆ ಅನುಮಾನವನ್ನು ಹೆಚ್ಚಿಸುತ್ತದೆ. ಪರಿಶುದ್ಧವಾದರೆ ಮಡ್ಡಿ ಏಕೆ ಎಂದು ಆಕೆ ಕೇಳುವುದು ಸಹಜ.

ಕಾನೂನಿನ ಮೂಲಕ ಈ ಸಮಸ್ಯೆ ಪೂರ್ತಿ ಬಗೆಹರಿಯದು. 2024ರಲ್ಲಿ ರಾಜ್ಯವು ವಾಣಿಜ್ಯ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿತು. ಇದು ಅಗತ್ಯವಾದ ಕ್ರಮ. ಆದರೆ ಕಾನೂನು ಲಿಪಿಯ ಪ್ರಮಾಣವನ್ನು ಅಳೆಯಬಲ್ಲುದೇ ಹೊರತು ವಾಕ್ಯದ ಜೀವವನ್ನಲ್ಲ. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ವಾಕ್ಯವನ್ನು ಬರೆದರೂ ನಿಯಮ ಪಾಲನೆಯಾಗುತ್ತದೆ.

7

ಇಲ್ಲಿಯವರೆಗಿನ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಸಹಜವಾದ ಮಾತಿನ ಶೈಲಿ ಸತ್ಯದ ಖಾತರಿಯಲ್ಲ. ಕೃತಕ ಗದ್ಯಕ್ಕಿಂತ ಆಪ್ತವಾದ ಗದ್ಯವೇ ಸುಲಭವಾಗಿ ವಂಚಿಸಬಲ್ಲದು. ‘ತಯಾರಿಸಲ್ಪಟ್ಟ’ ಎಂಬುದನ್ನು ಓದುಗ ನಂಬುವುದೇ ಇಲ್ಲ, ಆದ್ದರಿಂದ ಅವನು ಮೋಸಹೋಗುವುದೂ ಇಲ್ಲ. ‘ನಮ್ಮ ಕುರಿಯ ಉಣ್ಣೆ’ ಎಂಬುದನ್ನು ಅವನು ನಂಬುತ್ತಾನೆ. ಹಾಗಾದರೆ ಆಡುನುಡಿಯ ಶೈಲಿಯನ್ನು ಕಲಿಸುವುದೆಂದರೆ ವಂಚನೆಯ ಕಲೆಯನ್ನು ಕಲಿಸಿದಂತಾಗುವುದಿಲ್ಲವೇ?

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಉಳ್ಳಾರ್ತಿ ಕಾವಲಿನ ಸಂದರ್ಭವೇ ಇದನ್ನು ತೀವ್ರಗೊಳಿಸುತ್ತದೆ. 2009–10ರ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳ ಸಾವಿರಾರು ಎಕರೆಗಳನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಲಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ದೊರೆತ ಭೂಮಿ ಉಳ್ಳಾರ್ತಿ ಕಾವಲಿನಲ್ಲಿದೆ. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಗೊಂಡಿತು. ಮೇವಿನ ನೆಲಕ್ಕೆ ಬೇಲಿ ಮತ್ತು ಗೋಡೆ ಬಂದುದನ್ನು ಪ್ರಶ್ನಿಸಿದ ಅರ್ಜಿಗಳು 2013ರ ವೇಳೆಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿದ್ದವು. ಈ ಯೋಜನೆಗಳ ಸಾಧಕ-ಬಾಧಕಗಳ ಚರ್ಚೆ ಪ್ರಸ್ತುತ ಲೇಖನದ ವ್ಯಾಪ್ತಿಯಲ್ಲಿಲ್ಲ. ಆದರೆ ಗದ್ಯದ ವಿಮರ್ಶೆಗೆ ಇದರಿಂದ ಒಂದು ನೇರ ಪ್ರಶ್ನೆ ಹುಟ್ಟುತ್ತದೆ. ಕುರಿ ಮೇಯುವ ನೆಲ ಕಡಿಮೆಯಾದಾಗ ‘ನಮ್ಮ ಕುರಿಯ ಉಣ್ಣೆ’ ಎಂಬ ವಾಕ್ಯ ಎಷ್ಟು ಕಾಲ ನಿಜವಾಗಿ ಉಳಿಯುತ್ತದೆ? ಹೊರಗಿನ ಉಣ್ಣೆ, ಗಿರಣಿಯ ನೂಲು ಬಂದ ಮೇಲೂ ಅದೇ ವಾಕ್ಯವನ್ನು ಅಚ್ಚು ಹಾಕುತ್ತ ಹೋದರೆ ಶೈಲಿ ಹಾಗೆಯೇ ಇರುತ್ತದೆ, ಒಂದಕ್ಷರವೂ ಬದಲಾಗುವುದಿಲ್ಲ. ವಾಕ್ಯ ಮಾತ್ರ ಸುಳ್ಳಾಗಿರುತ್ತದೆ. ಕುರಿಗಾಹಿಯ ಚಿತ್ರ, ಹುಲ್ಲುಗಾವಲಿನ ಹಿನ್ನೆಲೆ, ಅಜ್ಜನ ಮಾತಿನ ಧಾಟಿ ಎಲ್ಲವೂ ಇಲ್ಲವಾದುದರ ಹೆಸರಿನಲ್ಲಿ ಮಾರಾಟವಾಗುವ ನೆನಪಿನ ಸರಕಾಗುತ್ತವೆ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಅದರ ಅಡಿಯಲ್ಲಿ 2022ರಲ್ಲಿ ಬಂದ ಮಾರ್ಗಸೂಚಿಗಳೂ ದಾರಿತಪ್ಪಿಸುವ ಜಾಹೀರಾತನ್ನು ತಡೆಯಲು ಉದ್ದೇಶಿಸಿವೆ. ಆದರೆ ಸಣ್ಣ ಕರಪತ್ರದ, ಚೀಟಿಯ, ಫಲಕದ ಮಟ್ಟದಲ್ಲಿ ಮೊದಲ ಕಾವಲು ಬರಹಗಾರನ ಆತ್ಮಸಾಕ್ಷಿಯೇ. ಇಲ್ಲಿ ಸಂತೆಯ ‘ಅಂತೆ’ ನೆರವಿಗೆ ಬರುತ್ತದೆ. ಬರೆಯುವವನು ತನ್ನ ಪ್ರತಿಯೊಂದು ವಾಕ್ಯದ ಕೊನೆಗೂ ಮನಸ್ಸಿನಲ್ಲಿ ‘ಅಂತೆ’ ಸೇರಿಸಿ ನೋಡಬೇಕು. ಸೇರಿಸಿದಾಗಲೇ ವಾಕ್ಯ ಪ್ರಾಮಾಣಿಕವಾಗಿ ಕೇಳಿಸಿದರೆ ಆ ಸಂಗತಿ ಅವನಿಗೆ ಗೊತ್ತಿಲ್ಲ ಎಂದರ್ಥ. ಅದನ್ನು ಕೈಬಿಡಬೇಕು, ಇಲ್ಲವೇ ಹೋಗಿ ತಿಳಿದುಕೊಂಡು ಬರಬೇಕು. ಜಾಹೀರಾತಿನ ಗದ್ಯದಲ್ಲಿ ‘ಅಂತೆ’ ಎಲ್ಲಿಯೂ ಕಾಣದಿರುವುದಕ್ಕೆ ಎರಡು ಕಾರಣಗಳಿರಬಹುದು. ಬರೆದವನಿಗೆ ಎಲ್ಲವೂ ನೇರವಾಗಿ ಗೊತ್ತಿದೆ, ಅಥವಾ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಹೇಳುತ್ತಿದ್ದಾನೆ. ಇವೆರಡರ ನಡುವಣ ವ್ಯತ್ಯಾಸವೇ ಸಹಜ ಶೈಲಿಗೂ ಸಹಜತೆಯ ವೇಷಕ್ಕೂ ಇರುವ ವ್ಯತ್ಯಾಸ.

8

ಒಟ್ಟಾರೆಯಾಗಿ ಈ ಅಧ್ಯಯನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕನ್ನಡದಲ್ಲಿ ವ್ಯಾಪಾರಿ ಗದ್ಯದ ಸಹಜತೆಯನ್ನು ಉಚ್ಚಾರದ ಅನುಕರಣೆಯಲ್ಲಿ ಹುಡುಕದೆ ವಾಕ್ಯಕ್ರಮ, ಸಂಬೋಧನೆ ಮತ್ತು ಕ್ರಿಯಾಪದದ ಬಳಕೆಯಲ್ಲಿ ಹುಡುಕಬೇಕು. ಎರಡನೆಯದಾಗಿ, ಅಂತಹ ಗದ್ಯಕ್ಕೆ ಬೇಕಾದ ಪದಸಂಪತ್ತು ಕಸುಬುದಾರರ ಬಳಿ ಈಗಾಗಲೇ ಇದೆ. ಕೊಪ್ಪೆ, ಮಡ್ಡಿ, ಹಿಂಡಿ, ಹಾಸುಹೊಕ್ಕು, ಕುಣಿಮಗ್ಗ ಎಂಬ ಪದಗಳನ್ನು ಬಿಟ್ಟು ಅನುವಾದಕ್ಕೆ ಹೊರಡುವುದು ಮನೆಯ ಗಾಣವನ್ನು ಮಾರಿ ಎಣ್ಣೆ ಕೊಂಡಂತೆ. ಮೂರನೆಯದಾಗಿ, ಮಾತಿನ ಶೈಲಿಯನ್ನು ಪಡೆಯುವವನು ಮಾತಿನ ಹೊಣೆಯನ್ನೂ ಹೊರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದು ಓದುಗನಿಗೆ ಮಾಡುವ ವಂಚನೆ.

ಈ ಕ್ಷೇತ್ರದಲ್ಲಿ ಮುಂದೆ ಆಗಬೇಕಾದ ಕೆಲಸ ಹೆಚ್ಚಿದೆ. ಹಳೆಯ ಕರಪತ್ರಗಳು, ಡಬ್ಬಿಯ ಚೀಟಿಗಳು, ಸಹಕಾರ ಸಂಘಗಳ ಪ್ರಕಟಣೆಗಳು ಗ್ರಂಥಾಲಯಗಳ ಸಂಗ್ರಹಕ್ಕೆ ಅಪರೂಪವಾಗಿ ಬರುತ್ತವೆ. ಅವುಗಳನ್ನು ಸೀಮೆವಾರು ಸಂಗ್ರಹಿಸಿ, ಅದೇ ಸೀಮೆಯ ಸಂತೆಯ ಮಾತನ್ನು ಧ್ವನಿಮುದ್ರಿಸಿ, ಎರಡನ್ನೂ ಹೋಲಿಸುವ ಕೆಲಸವನ್ನು ವಿಶ್ವವಿದ್ಯಾನಿಲಯಗಳ ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದು. ಕಾವಲಿನ ಅಂಚಿನ ಹಳ್ಳಿಗಳಲ್ಲಿ ಕಂಬಳಿ ನೇಯುವವರು ತಮ್ಮ ಸರಕಿನ ಬಗ್ಗೆ ಆಡುವ ಮಾತು ಇನ್ನೂ ಕೇಳಸಿಗುತ್ತದೆ. ಅದನ್ನು ಮೊದಲು ಕೇಳಿಸಿಕೊಂಡು ನಂತರ ಬರೆಯುವುದು ವ್ಯಾಪಾರಿ ಗದ್ಯದ ಬರಹಗಾರನಿಗೂ, ಅದನ್ನು ಅಭ್ಯಸಿಸುವ ಸಂಶೋಧಕನಿಗೂ ಸಮಾನವಾಗಿ ಅನ್ವಯಿಸುವ ಮಾತು.